ಅರಿವೆ ಕಟ್ಟಿದ ಬೆರಳು

ನನಗೆ ಪಿಸ್ತೂಲು ಕಲಿಸಬೇಕಿದ್ದವರು ಹೊಲದಿಂದ ನೇರವಾಗಿ ಬಂದಿದ್ದರು. ಬಲಗೈಯ ತೋರುಬೆರಳಿಗೆ ಅರಿವೆಯ ಚೂರು ಸುತ್ತಿ, ಮೇಲೆ ದಾರ ಬಿಗಿದಿತ್ತು. "ಏನಾತ್ರಿ, ಕುಡಗೋಲು ಬಡೀತೇನು?" ಎಂದು ಕೇಳಿದೆ. ಅವರು ಹಲ್ಲಿನಿಂದ ದಾರ ಬಿಚ್ಚಿ, ಅರಿವೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟು, ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. ಒಂಬತ್ತು ಬೆರಳು ಬೇಸಿಗೆಯ ಎರೆಹೊಲದ ಹಾಗೆ ಬಿರಿದಿದ್ದವು. ಬಿರುಕಿನೊಳಗೆ ಎಷ್ಟು ತೊಳೆದರೂ ಹೋಗದ ಕಪ್ಪು. ಬಿಚ್ಚಿದ ಆ ಒಂದು ಬೆರಳು ಮಾತ್ರ ಕೂಸಿನ ಬೆರಳಿನಷ್ಟು ಮೆತ್ತಗೆ, ಬೆಳ್ಳಗೆ ಇತ್ತು.

"ಇದು ಹೊಲದ್ದಲ್ಲ ಅಕ್ಕೋರ, ಟ್ರಿಗರ್‌ದು," ಎಂದರು. ನಗಲಿಲ್ಲ. ನನಗೆ ನಗು ಬಂತು, ತಡೆದುಕೊಂಡೆ.

ಅಬ್ಬಿಗೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಬಂದು, ಬಿಳಿಜೋಳ, ಕಡಲೆ, ಹತ್ತಿ ಬೆಳೆಯುತ್ತಿದ್ದ ಅವರು ಊರಿಗೆಲ್ಲ ಮಿಲ್ಟ್ರಿ ಕಾಕಾ. ಹೊಲದ ಕೆಲಸಕ್ಕೆ ಹೋಗುವ ಮುಂಜಾನೆ ಅವರ ಹೆಂಡತಿ, ನಮಗೆಲ್ಲ ಕಾಕು, ಹಳೆಯ ಸೀರೆಯ ಅಂಚು ಹರಿದು ಆ ಬೆರಳಿಗೆ ಕಟ್ಟಿ ಕಳಿಸುತ್ತಿದ್ದರು. ಆ ಬೆರಳಿನ ಚರ್ಮ ಒರಟಾದರೆ ಟ್ರಿಗರ್ ಎಷ್ಟು ಸರಿಯಿತು ಎಂಬುದು ತಿಳಿಯುವುದಿಲ್ಲ ಎಂದು ಕಾಕಾ ನಂಬಿದ್ದರು. ಕಾಕು ಅದನ್ನು ಇನ್ನೊಂದು ರೀತಿ ಹೇಳುತ್ತಿದ್ದರು: "ನನ್ನ ಹತ್ತೂ ಬೆರಳ ಹೊಲಕ್ಕವ್ವ, ಇವರದು ಒಂಬತ್ತ. ಒಂದನ್ನ ಸರಕಾರಕ್ಕ ಬರದು ಕೊಟ್ಟು ಬಂದಾರ."

ನಾನು ನರಗುಂದದವಳು. ರೋಣದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮಕ್ಕಳಿಗೆ ಕಬಡ್ಡಿ, ಖೋ ಖೋ ಆಡಿಸುತ್ತಿದ್ದವಳಿಗೆ ಪಿಸ್ತೂಲಿನ ಹುಚ್ಚು ಹೇಗೆ ಹಿಡಿಯಿತು ಎಂದು ಮನೆಯವರು ಈಗಲೂ ಕೇಳುತ್ತಾರೆ. ಗಜೇಂದ್ರಗಡದ ಗುಡ್ಡದ ಕೆಳಗೆ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯಲ್ಲಿ ಒಂದು ಸಣ್ಣ ಶೂಟಿಂಗ್ ಕ್ಲಬ್ಬು ಪರವಾನಗಿ ಪಡೆದು ಮೈದಾನ ಮಾಡಿಕೊಂಡಿತ್ತು. ಶಾಲೆಯ ಮಕ್ಕಳನ್ನು ಗುಡ್ಡ ತೋರಿಸಲು ಕರೆದುಕೊಂಡು ಹೋದ ದಿನ ಕ್ವಾರಿಯೊಳಗಿಂದ ಗಂಟೆ ಹೊಡೆದ ಹಾಗೆ ಒಂದು ಸದ್ದು ಕೇಳಿತು. ಅದರ ಜಾಡು ಹಿಡಿದು ಇಳಿದೆ. ಮುಂದಿನ ಐತವಾರ ಒಬ್ಬಳೇ ಹೋಗಿ ಹೆಸರು ಹಚ್ಚಿದೆ.

ಆ ಸದ್ದು ಕಬ್ಬಿಣದ ಟಗರಿನದು. ಅಲ್ಲಿ ಕಾಗದಕ್ಕೆ ಹೊಡೆಯುತ್ತಿರಲಿಲ್ಲ. ದಪ್ಪ ತಗಡಿನಲ್ಲಿ ಪ್ರಾಣಿಗಳ ಆಕಾರ ಕತ್ತರಿಸಿ, ಐದೈದರಂತೆ ಸಾಲಾಗಿ ನಿಲ್ಲಿಸುತ್ತಿದ್ದರು. ನಲವತ್ತು ಮೀಟರಿನಲ್ಲಿ ಹುಂಜ, ಐವತ್ತರಲ್ಲಿ ಹಂದಿ, ಎಪ್ಪತ್ತೈದರಲ್ಲಿ ನಮ್ಮಲ್ಲಿ ಯಾರೂ ಕಣ್ಣಾರೆ ಕಾಣದ ಟರ್ಕಿ ಕೋಳಿ, ನೂರರಲ್ಲಿ ಟಗರು. ಗುಂಡು ತಾಗಿದರೆ ಸಾಲದು, ಆಕಾರ ಪೀಠದಿಂದ ಉರುಳಿ ಕೆಳಗೆ ಬೀಳಬೇಕು. ಸದ್ದು ಎಷ್ಟೇ ಆಗಲಿ, ಬೀಳದಿದ್ದರೆ ಸೊನ್ನೆ. ಕಾಕಾ ಆ ಕ್ಲಬ್ಬಿನ ತರಬೇತುದಾರ, ಪಹರೆಯವ, ಕಸ ಗುಡಿಸುವವ, ಎಲ್ಲವೂ ಅವರೇ.

ನನ್ನ ಊರು ಯಾವುದೆಂದು ಕೇಳಿ ತಿಳಿದಾಗ, "ನರಗುಂದೇನು? ಆಯುಧ ಕೊಡಂಗಿಲ್ಲ ಅಂತ ಇಂಗ್ರೇಜರಿಗೆ ಹೇಳಿದ ಊರವರು. ನಿಮ್ಮ ಕೈಯಾಗ ಒಮ್ಮೆ ಕೊಟ್ರ ತಿರುಗಿ ಕೊಡ್ತೀರೋ ಇಲ್ಲೋ," ಎಂದು ಚೇಷ್ಟೆ ಮಾಡಿದರು. ಆದರೆ ಕೈಗೆ ಏನೂ ಕೊಡಲಿಲ್ಲ. ಕುಡಿಯುವ ನೀರಿನ ತಾಮ್ರದ ತಂಬಿಗೆಯನ್ನು ಕಂಠದವರೆಗೆ ತುಂಬಿ ನನ್ನ ಕೈಯಲ್ಲಿಟ್ಟು, ತೋಳು ಚಾಚಿ ನಿಲ್ಲಲು ಹೇಳಿದರು. ತಾವು ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತ ನೀರನ್ನೇ ನೋಡುತ್ತಿದ್ದರು. ನೀರಿನ ಮೇಲೆ ಸಣ್ಣ ಅಲೆ ಎದ್ದೊಡನೆ "ಸಾಕು" ಎಂದು ಒಂದಿಷ್ಟು ಚೆಲ್ಲಿಸಿ ಮತ್ತೆ ಹಿಡಿಸಿದರು. ಹೀಗೆ ನಾಲ್ಕು ಸಲ. ಕೊನೆಗೆ ಉಳಿದ ನೀರು, ತಂಬಿಗೆ ಸೇರಿ ಎಷ್ಟು ತೂಕವೋ ಅಷ್ಟೇ ನನ್ನ ಪಿಸ್ತೂಲಿನ ತೂಕ ಎಂದು ತೀರ್ಮಾನಿಸಿದರು. ಯಾವ ಪುಸ್ತಕದಲ್ಲಿಯೂ ಇಲ್ಲದ ಈ ಅಳತೆಯನ್ನು ಅವರು ಎಲ್ಲರಿಗೂ ಮಾಡುತ್ತಿದ್ದರು.

ಕಾಡತೂಸಿನ ವಿಷಯದಲ್ಲಿ ಅವರದು ಒಂದೇ ಮಾತು. "ಟಗರು ಬೀಳೂವಷ್ಟು ಜೋರು ಇರಬೇಕು, ನೀ ಬೀಳೂವಷ್ಟು ಇರಬಾರದು." ನನಗೆ ಅವರು ಆರಿಸಿದ್ದು ಕ್ಲಬ್ಬಿನ ಉದ್ದ ನಳಿಕೆಯ ರಿವಾಲ್ವರ್, ಪಾಯಿಂಟ್ ಟೂ-ಟೂ. ಅದರ ಕಾಡತೂಸು ನನ್ನ ಕಿರುಬೆರಳಿಗಿಂತ ಸಣ್ಣದು, ಹಾರಿಸಿದಾಗ ಕೈಗೆ ಒದೆತವೇ ಇಲ್ಲ ಎನ್ನಬೇಕು. "ಸಣ್ಣ ಗುಂಡಾದ್ರೂ ಟಗರಿನ ಭುಜಕ್ಕ ಹೊಡಿ, ಎತ್ತರಕ್ಕ ಹೊಡಿ. ಬೀಳತೈತಿ," ಎನ್ನುತ್ತಿದ್ದರು.

ಮೂರು ತಿಂಗಳಲ್ಲಿ ನನ್ನ ಹುಂಜಗಳು, ಹಂದಿಗಳು ಬೀಳತೊಡಗಿದವು. ಟಗರು ಮಾತ್ರ ಬೀಳಲೊಲ್ಲದು. ಗುಂಡು ಭುಜಕ್ಕೇ ತಾಗುತ್ತಿತ್ತು, ಠಣ್ ಎಂದು ಕ್ವಾರಿಯೆಲ್ಲ ಕೇಳುತ್ತಿತ್ತು, ಟಗರು ಒಮ್ಮೆ ತೂಗಿ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. ಕ್ಲಬ್ಬಿನ ಗಂಡಸರಿಗೆ, ಅವರಲ್ಲಿ ಬಹಳ ಮಂದಿ ಗುಂಡು ತುಂಬುವುದಕ್ಕಿಂತ ಮೀಸೆ ತಿರುವುವುದರಲ್ಲೇ ಹೆಚ್ಚು ಹೊತ್ತು ಕಳೆಯುವವರು, ಇದೊಂದು ಹಬ್ಬ. "ಅಕ್ಕೋರ, ಟಗರಿಗೆ ಗುಂಡು ಹೊಡದ್ರ್ಯೋ, ಗಲ್ಲ ಚೂಟಿದ್ರ್ಯೋ?" ಎಂದು ಒಬ್ಬ ಕೇಳಿದ. ಅವನ ದೊಡ್ಡ ರಿವಾಲ್ವರಿಗೆ ಅದೇ ಟಗರು ಬಿದ್ದಿತ್ತು. ನನ್ನ ಮೈಯೆಲ್ಲ ಉರಿಯಿತು.

ಅದೇ ವಾರ ನನ್ನ ಸ್ವಂತ ಪರವಾನಗಿ ಕೈಗೆ ಬಂದಿತ್ತು. ದೊಡ್ಡ ಗುಂಡಿನ ಪಾಯಿಂಟ್ ತರ್ಟಿ-ಟೂ ತೆಗೆದುಕೊಳ್ಳುತ್ತೇನೆ ಎಂದೆ. ಕಾಕಾ ಚಹಾದ ಲೋಟ ಕೆಳಗಿಟ್ಟರು.

"ಯಾರಿಗೆ ತೋರಸಾಕ ತಗೋತೀರಿ?"

"ಟಗರು ಬೀಳವಲ್ಲದಲ್ರಿ ಕಾಕಾ."

"ಬರೂ ಐತವಾರ ತನಕ ತಡೀರಿ. ಆ ಟಗರನ್ನ ಒಮ್ಮೆ ಹತ್ತರದಿಂದ ನೋಡೂನು."

ಐತವಾರದ ತನಕ ತಡೆಯುವ ಜಾತಿ ನನ್ನದಲ್ಲ. ಶನಿವಾರವೇ ಹುಬ್ಬಳ್ಳಿಗೆ ಹೋಗಿ ರಿವಾಲ್ವರ್ ತಂದೆ. ಗಿಡ್ಡ ನಳಿಕೆಯದು, ಹಗುರಾದದ್ದು, ನೋಡಲು ಬಲು ಚೆಂದ. ಅಂಥದ್ದು ಕೈಯಲ್ಲಿ ಎಷ್ಟು ಜಿಗಿಯುತ್ತದೆ ಎಂದು ಅಂಗಡಿಯಲ್ಲಿ ಯಾರು ಹೇಳುತ್ತಾರೆ?

ಮರುದಿನ ನಾನು ಚೀಲದಲ್ಲಿ ಹೊಸ ರಿವಾಲ್ವರ್ ಇಟ್ಟುಕೊಂಡು ಕ್ವಾರಿಗೆ ಬಂದಾಗ ಕಾಕಾ ಟಗರಿನ ಮುಂದೆ ಬೋರಲು ಮಲಗಿದ್ದರು. ಕೈಯಲ್ಲಿ ದಾರ. ಹಳೆಯ ಟಗರಿನ ಪಾದ ಅಳೆದರು, ಹೊಸ ಟಗರಿನ ಪಾದ ಅಳೆದರು. ಹೊಸದು ಎರಡು ಬೆರಳು ಹೆಚ್ಚು ಅಗಲ. ಗಜೇಂದ್ರಗಡದ ವೆಲ್ಡಿಂಗ್ ಸಾಹೇಬರಿಗೆ ಹಿಂದಿನ ತಿಂಗಳು ಹೊಸ ಟಗರುಗಳನ್ನು ಕತ್ತರಿಸಲು ಕೊಟ್ಟಿದ್ದರಂತೆ. ಸಾಹೇಬರು ಮನೆಯಲ್ಲಿ ಕಾದುವ ಟಗರು ಸಾಕಿದವರು. ಕರೆಸಿ ಕೇಳಿದಾಗ ಎದೆಯುಬ್ಬಿಸಿ ಹೇಳಿದರು: "ನೀವು ಕೊಟ್ಟ ನಕ್ಷೆದಾಗ ಟಗರಿನ ಕಾಲು ಭಾಳ ಸಣ್ಣವು ಇದ್ದೂರಿ. ಹಂಗಿದ್ರ ಯಾರರ ಟಗರು ಅಂತಾರೇನ್ರಿ? ನಾ ಗಟ್ಟಿ ನಿಂದ್ರೂ ಹಂಗ ಮಾಡೇನಿ. ನನ್ನ ಕೈಯಾಗಿನ ಟಗರು ಬೀಳಬಾರದ್ರಿ!"

ಕಾಕಾ ಅಂದು ನಕ್ಕಷ್ಟು ಮತ್ತೆ ನಕ್ಕದ್ದನ್ನು ನಾನು ನೋಡಲಿಲ್ಲ. ಸಾಹೇಬರನ್ನು ನೋಯಿಸದೆ, "ಟಗರೇನೋ ಖರೇ ಚಲೋ ಆಗೇತಿ ಸಾಹೇಬ್ರ. ಆದ್ರ ಇದು ಬೀಳೂ ಸಲುವಾಗಿ ಹುಟ್ಟಿದ ಟಗರು," ಎಂದು ಹೇಳಿ ಪಾದ ಉಜ್ಜಿಸಿ ಕಿರಿದು ಮಾಡಿಸಿದರು. ಆ ಸಂಜೆ ಕ್ಲಬ್ಬಿನ ಟೂ-ಟೂ ಹಿಡಿದು ಅವರೇ ಹೊಡೆದರು. ಭುಜಕ್ಕೆ ಒಂದು. ಟಗರು ಮೆಲ್ಲಗೆ ಹಿಂದಕ್ಕೆ ವಾಲಿ ಬಿತ್ತು.

ನನ್ನ ಚೀಲದ ಕಡೆ ಅವರು ನೋಡಿದರು. ಒಂದು ಮಾತು ಬೈದಿದ್ದರೆ ಆ ರಿವಾಲ್ವರನ್ನು ಅಂದೇ ತಿರುಗಿ ಕೊಟ್ಟು ಬರುತ್ತಿದ್ದೆನೋ ಏನೋ. ಬೈಯಲಿಲ್ಲ, ನಾನೂ ಮೊಂಡುತನ ಬಿಡಲಿಲ್ಲ. ಹೊಸದರಲ್ಲೇ ಹೊಡೆಯತೊಡಗಿದೆ. ಮೊದಲ ಎರಡು ವಾರ ಟಗರುಗಳು ದಬದಬ ಬಿದ್ದವು. ಗಲ್ಲ ಚೂಟುವ ಮಾತಾಡಿದವನ ಮುಂದೆ ನಾನು ಬೇಕೆಂದೇ ನಾಲ್ಕು ಸಲ ಓಡಾಡಿದೆ.

ಆಮೇಲೆ ಏನಾಯಿತೋ, ನಲವತ್ತು ಮೀಟರಿನ ಹುಂಜವೂ ಬೀಳದಾಯಿತು. ಗುಂಡುಗಳೆಲ್ಲ ನೆಲಕ್ಕೆ ಬಡಿದು ಧೂಳೆಬ್ಬಿಸಿದವು. ನಳಿಕೆಯ ಮೇಲಿನ ಗುರಿಕಾಯಿ ಸರಿಯಿಲ್ಲ ಎಂದೆ, ಗಾಳಿ ಎಂದೆ, ಈ ಸಲದ ಕಾಡತೂಸೇ ಸರಿಯಿಲ್ಲ ಎಂದೆ. ರಾಜ್ಯ ಮಟ್ಟದ ಪಂದ್ಯಕ್ಕೆ ಕ್ಲಬ್ಬಿನ ತಂಡ ಆರಿಸುವುದು ಐದು ತಿಂಗಳಲ್ಲಿತ್ತು. ಆ ತಂಡದಲ್ಲಿ ನನ್ನ ಹೆಸರು ಬರಬೇಕೆಂಬುದೊಂದೇ ಆಗ ನನ್ನ ಬದುಕಾಗಿತ್ತು.

"ಕೊಡ್ರಿ ಇಲ್ಲೆ, ನಾ ತುಂಬಿ ಕೊಡ್ತೀನಿ," ಎಂದು ಕಾಕಾ ರಿವಾಲ್ವರ್ ತೆಗೆದುಕೊಂಡರು. ನನಗೆ ಬೆನ್ನು ಮಾಡಿ ತುಂಬಿದರು. ನಾನು ಗುರಿ ಹಿಡಿದೆ, ಒಂದು ಸಲ ಹಾರಿತು. ಎರಡನೆಯ ಸಲ ಟ್ರಿಗರ್ ಎಳೆದಾಗ ಬರೀ ಚಟ್ ಎಂದಿತು. ಹಾರಿಸಿ ಖಾಲಿಯಾದ ಚಿಪ್ಪೊಂದನ್ನು ನಡುವೆ ಸೇರಿಸಿದ್ದರು. ಗುಂಡಿಲ್ಲ, ಸದ್ದಿಲ್ಲ, ಒದೆತವಿಲ್ಲ. ಆದರೂ ನನ್ನ ಕೈಯಲ್ಲಿದ್ದ ನಳಿಕೆ ನೀರಿಗೆ ಬಾಗಿದ ಆಡಿನ ಮೂತಿಯ ಹಾಗೆ ಗಕ್ಕನೆ ಕೆಳಗೆ ಬಾಗಿತ್ತು. ನನ್ನ ಕಣ್ಣು ಮುಚ್ಚಿತ್ತು.

"ನೋಡಿದ್ರೇನು? ಗುರಿಕಾಯಿ ಅಲ್ಲ, ಗಾಳಿ ಅಲ್ಲ. ಒದೀತೈತಿ ಅಂತ ಕೈ ಮೊದಲ ಅಂಜತೈತಿ. ಖಾಲಿ ಬಂದೂಕಿಗೂ ಅಂಜತೈತಿ."

ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತು ಅತ್ತೆ. ಮೀಸೆಯವರೆಲ್ಲ ಇದ್ದರು, ಅವರ ಮುಂದೆಯೇ ಅತ್ತೆ. ಕಾಕಾ ಪಕ್ಕದಲ್ಲಿ ಕೂತರು. ಅಂದಿನಿಂದ ನಾನು ಅವರಿಗೆ ಅಕ್ಕೋರು ಅಲ್ಲ, ಯವ್ವಾ ಆದೆ. "ಅಳಬ್ಯಾಡ ಯವ್ವಾ. ಅಂಜಿಕಿ ಕೈಗೆ ಹೊಕ್ಕೇತಿ, ಕೈಯಿಂದನ ಹೊರಗ ಹಾಕೂನು. ತಲಿಗೆ ಹೇಳಿದ್ರ ಕೇಳಂಗಿಲ್ಲ ಅದು."

ಮೂರು ತಿಂಗಳು ನನಗೆ ಒಂದು ಗುಂಡನ್ನೂ ಕೊಡಲಿಲ್ಲ. ತರ್ಟಿ-ಟೂ ಬಂದ ಅಂಗಡಿಗೆ ತಿರುಗಿ ಹೋಯಿತು. ಕ್ಲಬ್ಬಿನ ಆ ಉದ್ದ ನಳಿಕೆಯ ರಿವಾಲ್ವರ್ ಖಾಲಿ ಹಿಡಿದು, ನಳಿಕೆಯ ಮೇಲೆ ಒಂದು ಹುಣಸೆ ಬೀಜ ಇಟ್ಟು, ಬೀಜ ಬೀಳದ ಹಾಗೆ ಟ್ರಿಗರ್ ಎಳೆಯಬೇಕು. ಮೊದಲ ದಿನ ಎಲ್ಲ ಸಲವೂ ಬಿತ್ತು. ಕಾಕಾ ಪ್ರತಿ ಸಲವೂ ಬಗ್ಗಿ ಬೀಜ ಹೆಕ್ಕಿ ಒರೆಸಿ ಮತ್ತೆ ಇಡುತ್ತಿದ್ದರು. ಅವರಿಗಾಗ ಅರವತ್ತು ದಾಟಿತ್ತು. ನಾನೇ ಹೆಕ್ಕುತ್ತೇನೆ ಎಂದರೆ, "ನೀ ಮುಂದ ನೋಡು," ಎಂದು ಗದರುತ್ತಿದ್ದರು. ನನ್ನ ಹಡೆದಪ್ಪನೂ ನನಗಾಗಿ ಅಷ್ಟು ಸಲ ಬಗ್ಗಿದ್ದನ್ನು ಕಾಣೆ.

ಬೀಜ ನಿಂತಿತು. ತಂಡದಲ್ಲಿ ನನ್ನ ಹೆಸರೂ ಬಂತು. ಪಂದ್ಯದಲ್ಲಿ ಐದು ಟಗರುಗಳಲ್ಲಿ ಮೂರು ಬಿದ್ದವು, ಒಂದು ಬರೀ ಸದ್ದು ಮಾಡಿತು, ಒಂದು ತಪ್ಪಿತು. ಪದಕವೇನೂ ಬರಲಿಲ್ಲ. ರಾತ್ರಿ ಫೋನಿನಲ್ಲಿ, "ನಾಕು ತಾಗಿದೂರಿ ಕಾಕಾ," ಎಂದೆ. "ಬಿದ್ದೂ ಎಷ್ಟು?" ಎಂದರು. ಮೂರು ಎಂದೆ. "ಹಂಗಾರ ಮೂರು ಅನ್ನು," ಎಂದು ಫೋನಿಟ್ಟರು. ಕಾಕು ಆಮೇಲೆ ಹೇಳಿದ್ದು, ಆ ರಾತ್ರಿ ಓಣಿಯವರಿಗೆಲ್ಲ ಸಕ್ಕರೆ ಹಂಚಿದರಂತೆ.

ಅವರ ಬಲಗೈ ನಡುಗುವುದನ್ನು ನಾನು ಮೊದಲು ಕಂಡದ್ದು ರೋಣದ ಪೊಲೀಸ್ ಠಾಣೆಯಲ್ಲಿ. ಚುನಾವಣೆ ಬಂತೆಂದರೆ ಪರವಾನಗಿಯ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ತಮ್ಮ ಸ್ವಂತದ ಹಳೆಯ ಟೂ-ಟೂ ರಿವಾಲ್ವರನ್ನು ಕಾಕಾ ಟವೆಲಿನಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಠಾಣೆಗೆ ಹೋಗುತ್ತಿದ್ದರು. ಆ ಸಲ ರಸೀದಿಗೆ ಸಹಿ ಮಾಡುವಾಗ ಪೆನ್ನು ಹಾಳೆಯ ಮೇಲೆ ಕುಣಿಯಿತು. ಸಹಿ ಮುಗಿಸಿ ಕೈಯನ್ನು ಕಿಸೆಯೊಳಗೆ ಇಟ್ಟುಕೊಂಡರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಇದು ನರದ ಜಡ್ಡು, ಕಡಿಮೆ ಆಗುವುದಲ್ಲ, ಹೆಚ್ಚಾಗುವುದು ಎಂದರು. ಕಾಕಾ ಆ ವರ್ಷವೂ ಹೊಲಕ್ಕೆ ಹೋಗುವಾಗ ಬೆರಳಿಗೆ ಅರಿವೆ ಕಟ್ಟಿಸಿಕೊಳ್ಳುತ್ತಿದ್ದರು.

ಮರುವರ್ಷ ಒಂದು ಐತವಾರ ತಮ್ಮ ರಿವಾಲ್ವರ್ ಹಿಡಿದು ಕ್ವಾರಿಗೆ ಬಂದು, "ಇವತ್ತ ಐದು ಟಗರು ಹೊಡೀತೀನಿ. ಅಷ್ಟ. ಆಮ್ಯಾಲೆ ಇದನ್ನ ಒಪ್ಪಿಸಿಬಿಡ್ತೀನಿ," ಎಂದರು. ಸುದ್ದಿ ಹೇಗೋ ಹರಡಿ ಕ್ಲಬ್ಬಿನವರೆಲ್ಲ ಸೇರಿದ್ದರು. ವೆಲ್ಡಿಂಗ್ ಸಾಹೇಬರೂ ಬಂದಿದ್ದರು. ನಮ್ಮ ಆಟದಲ್ಲಿ ನಿಂತೇ ಹೊಡೆಯಬೇಕೆಂದಿಲ್ಲ, ಅಂಗಾತ ಮಲಗಿ ಕಾಲಿಗೆ ಕೈಯಾನಿಸಿಯೂ ಹೊಡೆಯಬಹುದು. ಅವರು ಕಂಬಳಿ ಹಾಸಿ ಮಲಗಿ, ಮೊಣಕಾಲು ಮಡಚಿ, ಕಿಡಿ ತಾಗದಂತೆ ಕಾಲಿಗೆ ತೊಗಲಿನ ತುಂಡು ಕಟ್ಟಿಕೊಂಡರು.

"ಯವ್ವಾ, ನೀ ತುಂಬಿ ಕೊಡು."

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಬೇಕು. ನಾನು ಬೆನ್ನು ತಿರುಗಿಸಿ ಐದಕ್ಕೆ ಐದೂ ಖಾಲಿ ಚಿಪ್ಪುಗಳನ್ನೇ ತುಂಬಿದೆ. ಆ ಕೈಯಲ್ಲಿ ಗುಂಡು ಎಲ್ಲಿಗೆ ಹೋದೀತೋ ಎಂಬ ಜಾಗ್ರತೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕೈ ಕಾಲಿಗೆ ಆನಿಸಿತ್ತು, ಮುಂದೆ ಕಲ್ಲಿನ ಗೋಡೆ ಇತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಅಷ್ಟು ಜನರ ಮುಂದೆ ಅವರು ಐದೂ ತಪ್ಪುವುದನ್ನು ನೋಡುವ ಧೈರ್ಯ ನನಗೆ ಇರಲಿಲ್ಲ. ಕಾಡತೂಸು ಹಸಿಯಾಗಿವೆ, ಹಾರಲಿಲ್ಲ, ಇನ್ನೊಂದು ದಿನ ಬರೋಣ ಎಂದು ಹೇಳಿದರಾಯಿತು ಎಂದುಕೊಂಡೆ.

ಅವರು ಗುರಿ ಹಿಡಿದರು. ನಳಿಕೆ ಅಲುಗುತ್ತಲೇ ಇತ್ತು, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ಚಟ್ ಎಂದಿತು. ನಾನು ನಳಿಕೆಯ ಮೂತಿಯನ್ನೇ ನೋಡುತ್ತಿದ್ದೆ. ಅದು ಕೆಳಗೆ ಬಾಗಲಿಲ್ಲ. ಕಣ್ಣು ಮುಚ್ಚಲಿಲ್ಲ. ಆ ಮೆತ್ತಗಿನ ಬೆರಳು ಎಳೆದು, ಎಳೆದಲ್ಲೇ ನಿಂತಿತ್ತು. ಎರಡನೆಯದು, ಚಟ್. ಮೂರನೆಯದಕ್ಕೂ ಹಾಗೇ ಆದಾಗ ಅವರು ರಿವಾಲ್ವರನ್ನು ಕಂಬಳಿಯ ಮೇಲಿಟ್ಟರು.

"ಎಲ್ಲಾನೂ ಖಾಲಿ ಇಟ್ಟೀಯಲ್ಲ?"

ಕಿಸೆಯಲ್ಲಿದ್ದ ಖರೇ ಕಾಡತೂಸುಗಳನ್ನು ತೆಗೆದು ಅವರ ಮುಂದೆ ಹಿಡಿದೆ.

"ಮೂತಿ ಬಾಗೀತೇನು?"

"ಇಲ್ರಿ ಕಾಕಾ."

"ನಡುಗೂದು ಬ್ಯಾರೆ ಯವ್ವಾ, ಅಂಜೂದು ಬ್ಯಾರೆ. ಇಷ್ಟು ವರ್ಷ ಕಲಿಸೇನಿ, ಇದೊಂದು ನಿನಗ ಹೇಳಿರಲಿಲ್ಲ. ತುಂಬು ಈಗ, ಖರೇ ತುಂಬು."

ತುಂಬಿದೆ. ನಾಲ್ಕು ತಪ್ಪಿದವು. ಐದನೆಯದು ತಾಗಿತು. ಠಣ್ ಎಂಬ ಸದ್ದು ಗುಡ್ಡಕ್ಕೆ ಬಡಿದು ತಿರುಗಿ ಬಂತು, ಟಗರು ಹಿಂದಕ್ಕೆ ವಾಲಿತು, ತಡೆಯಿತು, ಮತ್ತೆ ನೆಟ್ಟಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು, "ಬಿತ್ತು ಅಂತ ಬರ್ಕೋರಿ ಅಕ್ಕೋರ, ನಾ ಮಾಡಿದ ಟಗರು, ನಾ ಹೇಳ್ತೀನಿ," ಎಂದು ಕೂಗಿದರು. ಅಂಕದ ಹಾಳೆ ನನ್ನ ಕೈಯಲ್ಲಿತ್ತು. ಕಾಕಾ ಮಲಗಿದಲ್ಲಿಂದಲೇ ನನ್ನ ಕಡೆ ಕತ್ತು ಹೊರಳಿಸಿ ನೋಡಿದರು. ನಾನು ಐದೂ ಮನೆಗಳಲ್ಲಿ ಸೊನ್ನೆ ಬರೆದೆ. ಆ ದಿನ ನಾನು ಮಾಡಿದ ಒಂದೇ ನೆಟ್ಟಗಿನ ಕೆಲಸ ಅದು. ಅವರು ತಲೆಯಾಡಿಸಿ, ಕಿಸೆಯಿಂದ ಅರಿವೆ ತೆಗೆದು ಬೆರಳಿಗೆ ಸುತ್ತಿಕೊಳ್ಳತೊಡಗಿದರು. ದಾರ ಕಟ್ಟಲು ಆಗಲಿಲ್ಲ. ನಾನು ಕಟ್ಟಲು ಹೋದರೆ, "ಮನ್ಯಾಗ ಆಕಿ ಕಟ್ಟತಾಳ ಬಿಡು," ಎಂದರು.

ಮಳೆಗಾಲ ಮುಗಿದು ಕಡಲೆ ಬಿತ್ತುವ ಹೊತ್ತಿಗೆ ಅವರು ಹೋದರು. ಮುಂಜಾನೆ ಚಹಾ ಕುಡಿದು ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ನಾನು ಅಬ್ಬಿಗೇರಿ ಮುಟ್ಟಿದಾಗ ಮೈ ತೊಳೆದು, ಬಿಳಿ ಅಂಗಿ ತೊಡಿಸಿ ಕೂಡ್ರಿಸಿದ್ದರು. ಅವರ ಹೊಲದಲ್ಲಿಯೇ ಬದುವಿನ ಬೇವಿನ ಗಿಡದ ಹತ್ತಿರ ಕುಣಿ ತೋಡಿದ್ದರು. ವೆಲ್ಡಿಂಗ್ ಸಾಹೇಬರು ಬಾಗಿಲ ಹೊರಗೆ ತಲೆಗೆ ಟವೆಲು ಹಾಕಿಕೊಂಡು ನಿಂತಿದ್ದರು. ಇನ್ನೇನು ಎತ್ತಬೇಕು ಎನ್ನುವಾಗ ಕಾಕು, "ತಡೀರಿ," ಎಂದರು. ಒಳಗೆ ಹೋಗಿ ಹಳೆಯ ಸೀರೆಯೊಂದನ್ನು ತಂದು ಅಂಚು ಹರಿದರು.

"ಹೊಲಕ್ಕ ಹೊಂಟಾರ. ಬೆರಳಿಗೆ ಅರಿವಿ ಕಟ್ಟಬೇಕು."

ಕಾಕು ಗಂಡನ ಕೈ ಹಿಡಿದರು, ಕಟ್ಟಲು ಹೋದರು, ಆಗಲಿಲ್ಲ. ಚೂರನ್ನು ನನ್ನ ಕಡೆ ಚಾಚಿದರು. "ನೀ ಕಟ್ಟು ತಂಗಿ. ಆ ಬೆರಳ ನಿನಗ ಕಲಿಸೇತಿ."

ನಾನು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡೆ. ಉಳಿದ ನಾಲ್ಕು ಬೆರಳಿನ ಬಿರುಕುಗಳಲ್ಲಿ ಎರೆಮಣ್ಣು ಇತ್ತು. ಆ ಒಂದು ಬೆರಳು ಇನ್ನೂ ಹಾಗೇ, ಮೆತ್ತಗೆ. ಅರಿವೆ ಸುತ್ತುವಾಗ ನನ್ನ ಕೈ ನಡುಗುತ್ತಿತ್ತು. ಅಂಜಿಕೆ ಇರಲಿಲ್ಲ. ದಾರ ಕಟ್ಟಿದೆ. ಕಟ್ಟಿದ್ದು ಬಿಗಿಯಾಯಿತೇನೋ ಅನ್ನಿಸಿ, ಬಿಚ್ಚಿ, ಸ್ವಲ್ಪ ಸಡಿಲ ಮಾಡಿ ಮತ್ತೆ ಕಟ್ಟಿದೆ.